ಸ್ವಂತ ಚಿತ್ರಕಥೆ, ಸ್ವಂತ ನಿರ್ದೇಶನ: ತೋಟದ ಕಥೆ ಸಿನಿಮಾ ಮಾಡಲು ಹೊರಟಿದ್ದೇನೆ, ಸಲಹೆ ಬೇಕು

ಚೆಕ್‌ರೋಲ್
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರದ ಕಡೆ. 112 ಪುಟದ ಒಂದು ಚಿತ್ರಕಥೆ ಬರೆದು ಮುಗಿಸಿದ್ದೇನೆ. ಕಾಫಿ ತೋಟದ ರೈಟರ್ ಒಬ್ಬನ, ಅಂದರೆ ಕೆಲಸದವರ ಲೆಕ್ಕ ಬರೆಯುವವನ ಕಥೆ. ಕುಯಿಲಿನ ಕಾಲದಲ್ಲಿ, ಅಂದರೆ ಕಾಫಿ ಹಣ್ಣು ಕೊಯ್ಯುವಾಗ, ಸಂಜೆ ತೂಕ ಹಾಕುವಾಗ, ಒಬ್ಬ ಹೆಂಗಸಿನ ಲೆಕ್ಕದಲ್ಲಿ ಮಾತ್ರ ದಿನಾ ಎರಡು ಮೂರು ಕೆಜಿ ಕಡಿಮೆ ಬರೆಯುತ್ತಾನೆ. ಯಾಕೆ ಬರೆಯುತ್ತಾನೆ, ಅವಳಿಗೆ ಗೊತ್ತಾದಾಗ ಏನಾಗುತ್ತದೆ, ಇಷ್ಟೇ ಕಥೆ.

ಚಿಕ್ಕಪ್ಪ ದುಡ್ಡು ಹಾಕಲು ಒಪ್ಪಿದ್ದಾರೆ. ಆದರೆ "ಬರೆದದ್ದು ನೀನು, ಸರಿ. ನಿರ್ದೇಶನಕ್ಕೆ ಅನುಭವ ಇರುವವರನ್ನು ಕರೆಸು" ಎನ್ನುತ್ತಿದ್ದಾರೆ. ನನಗೆ ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಕಿರುಚಿತ್ರ ಮಾಡಿ ಗೊತ್ತು, ದೊಡ್ಡದು ಇದೇ ಮೊದಲು. 12 ದಿನದಲ್ಲಿ ಮುಗಿಸುವ ಲೆಕ್ಕ ಇದೆ. ಮಳೆಗಾಲ ಸ್ವಲ್ಪ, ಕುಯಿಲು ಜಾಸ್ತಿ, ತಲಕಾವೇರಿಯಲ್ಲಿ ಒಂದು ದೃಶ್ಯ, ಕೊನೆಯಲ್ಲಿ ಕಾಫಿ ಹೂವು. ತಾನೇ ಬರೆದದ್ದನ್ನು ತಾನೇ ನಿರ್ದೇಶಿಸುವವರು ಎಡವುವುದು ಎಲ್ಲಿ? ಗೊತ್ತಿರುವವರು ಹೇಳಿ.

ಪಾಲಿಬೆಟ್ಟ ಪೋರ
ಹೀರೋಯಿನ್ ಯಾರು?

ಶಾಟ್ ಓಕೆ
ಕುಶಾಲನಗರದವನು, ಬೆಂಗಳೂರಿನಲ್ಲಿ ಅಸೋಸಿಯೇಟ್ (ಸಹ ನಿರ್ದೇಶಕ) ಕೆಲಸ. ಮೊದಲು ಲೆಕ್ಕ ನೋಡೋಣ. ಸರಿಯಾದ ಅಳತೆಯಲ್ಲಿ ಬರೆದಿದ್ದರೆ ಒಂದು ಪುಟ ಅಂದರೆ ತೆರೆಯ ಮೇಲೆ ಹೆಚ್ಚು ಕಡಿಮೆ ಒಂದು ನಿಮಿಷ. ನಿಮ್ಮದು ಎರಡು ಗಂಟೆಗೆ ಹತ್ತಿರ. 12 ದಿನಕ್ಕೆ ಹಂಚಿದರೆ ದಿನಕ್ಕೆ ಒಂಬತ್ತು ಪುಟಕ್ಕೂ ಜಾಸ್ತಿ. ಒಂದೇ ಕೋಣೆಯಲ್ಲಿ ಇಬ್ಬರು ಕೂತು ಮಾತಾಡುವ ಕಥೆ ಆದರೆ ಆಗಬಹುದೋ ಏನೋ. ತೋಟದಲ್ಲಿ, ಜನರ ಗುಂಪು ಇಟ್ಟುಕೊಂಡು? ನಾಲ್ಕೈದು ಪುಟ ಮುಗಿದರೆ ಆ ದಿನ ಒಳ್ಳೆಯ ದಿನ.

ಪ್ರತಿ ದೃಶ್ಯವನ್ನು ಪುಟದ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯಿರಿ. ಯಾವ ಜಾಗ, ಹಗಲಾ ರಾತ್ರಿಯಾ, ಎಷ್ಟು ಜನ, ಏನೇನು ಸಾಮಾನು, ಎಲ್ಲ ಒಂದು ಪಟ್ಟಿ ಮಾಡಿ. ಅದು ಕೈಗೆ ಬಂದ ಕೂಡಲೇ ನಿಮ್ಮ ಕಥೆ ನಿಮಗೇ ಬೇರೆ ಥರ ಕಾಣುತ್ತದೆ. "ಅವನು ಸಂತೆಗೆ ಹೋದ" ಅನ್ನುವುದು ಬರೆಯುವಾಗ ಒಂದೇ ಸಾಲು. ಶೂಟಿಂಗ್‌ನಲ್ಲಿ ಅದು ಇಡೀ ಸಂತೆ.

ಕೂರ್ಗ್ ಬುಲೆಟ್
ಚಿಕ್ಕಪ್ಪ ಹೇಳಿದ್ದೇ ಸರಿ. ಬರೆಯುವವನು ಬೇರೆ, ಆಡಿಸುವವನು ಬೇರೆ. ಪುಟ್ಟಣ್ಣ ಕಣಗಾಲ್ ಹೆಸರು ಮಾಡಿದ್ದೇ ಬೇರೆಯವರ ಕಾದಂಬರಿ ತೆಗೆದುಕೊಂಡು. ನಮ್ಮ ಕೊಡಗಿನ ಭಾರತೀಸುತರ "ಎಡಕಲ್ಲು ಗುಡ್ಡದ ಮೇಲೆ" 1973ರಲ್ಲಿ ಸಿನಿಮಾ ಆಯಿತಲ್ಲ, ಭಾರತೀಸುತರೇ ನಿರ್ದೇಶನಕ್ಕೆ ಇಳಿದರಾ? ಇಲ್ಲ. ತನ್ನ ಮಗುವಿಗೆ ತಾನೇ ಮಾರ್ಕ್ಸ್ ಕೊಡುವುದು ಬೇಡ.

ಮಳೆಗಾಲದ ಕಂಬಳಿ
ಬುಲೆಟ್ ಅವರೇ, ಅಪ್ಪಚ್ಚ ಕವಿ ಏನು ಮಾಡಿದರು? ನೂರು ವರ್ಷಕ್ಕೂ ಹಿಂದೆ ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ನಾಟಕ ಬರೆದರು, ಬರೆದು ಪೆಟ್ಟಿಗೆಯಲ್ಲಿ ಇಡಲಿಲ್ಲ, ರಂಗದ ಮೇಲೆ ತಂದರು. ಇನ್ನು ಸಿನಿಮಾದವರೇ ಬೇಕು ಅಂದರೆ ರಾಜ್ ಬಿ. ಶೆಟ್ಟಿ. 2017ರ "ಒಂದು ಮೊಟ್ಟೆಯ ಕಥೆ" ಬರೆದದ್ದೂ ಅವರೇ, ನಿರ್ದೇಶನವೂ ಅವರದೇ, ನಟನೆಯೂ ಅವರದೇ. ನಿರ್ದೇಶಕರಾಗಿ ಅದೇ ಮೊದಲ ಚಿತ್ರ.

ಕೂರ್ಗ್ ಬುಲೆಟ್
ಎಲ್ಲರೂ ರಾಜ್ ಶೆಟ್ಟಿ ಆಗುತ್ತಾರಾ ಸರ್? ಗೆದ್ದವರ ಹೆಸರು ಮಾತ್ರ ನಮಗೆ ನೆನಪಿರುತ್ತದೆ.

ಮಳೆಗಾಲದ ಕಂಬಳಿ
ಸೋತವರಲ್ಲಿ ಬೇರೆಯವರ ಕಥೆ ತೆಗೆದುಕೊಂಡು ಸೋತವರೂ ಬೇಕಾದಷ್ಟಿದ್ದಾರೆ.

ಕಾಫಿಹೂ
ಕಥೆ ಚೆನ್ನಾಗಿದೆ. ಆದರೆ ತೋಟದವಳಾಗಿ ಒಂದು ಮಾತು. ಮಳೆಗಾಲ, ಕುಯಿಲು, ಹೂವು, ಮೂರೂ 12 ದಿನದಲ್ಲಿ ಹೇಗೆ ಸಿಗುತ್ತವೆ? ನಮ್ಮ ಕಡೆ ಅರೇಬಿಕಾ ಕುಯಿಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಜೋರು ಮಳೆ ಜೂನ್‌ನಿಂದ. ಮಳೆ ದೃಶ್ಯಕ್ಕೆ ಇನ್ನೊಂದು ಸಲ ಇಡೀ ತಂಡವನ್ನು ಕರೆಸಬೇಕು. ಅಷ್ಟರಲ್ಲಿ ನಿಮ್ಮ ನಟ ಗಡ್ಡ ಬಿಟ್ಟಿರುತ್ತಾನೆ.

ಹೂವಿನ ವಿಷಯದಲ್ಲಿ ಮಾತ್ರ ಒಂದು ಅನುಕೂಲ ಇದೆ. ಹೂಮಳೆಗೆ, ಅಂದರೆ ಹೂವು ಬಿರಿಸುವ ಮಳೆಗೆ, ಕಾಯುತ್ತಾ ಕೂತರೆ ದೇವರೇ ಗತಿ. ರೋಬಸ್ಟಾ ತೋಟದಲ್ಲಿ ಕುಯಿಲು ಮುಗಿದ ಮೇಲೆ ಸ್ಪ್ರಿಂಕ್ಲರ್ ಹಾಕುತ್ತಾರೆ ಅಲ್ವಾ? ನೀರು ಕೊಟ್ಟ ಒಂದು ವಾರ, ಹತ್ತು ದಿನದೊಳಗೆ ಹೂವು ಬಿರಿಯುತ್ತದೆ. ಒಂದು ಬ್ಲಾಕ್ ಕುಯಿಲು ಮುಗಿದು ನೀರು ಬಿದ್ದಿರುತ್ತದೆ, ಪಕ್ಕದ ಬ್ಲಾಕ್‌ನಲ್ಲಿ ಇನ್ನೂ ಹಣ್ಣು ಕೊಯ್ಯುತ್ತಿರುತ್ತಾರೆ. ಮಾಲೀಕರ ಹತ್ತಿರ ನೀರು ಹಾಕುವ ದಿನ ಮೊದಲೇ ಕೇಳಿಟ್ಟುಕೊಂಡರೆ ಕುಯಿಲು, ಹೂವು ಎರಡೂ ಒಂದೇ ಸಲಕ್ಕೆ ಸಿಗುತ್ತವೆ. ಆದರೆ ಹೂವು ಎರಡು ಮೂರು ದಿನ ಬೆಳ್ಳಗಿರುತ್ತದೆ, ಆಮೇಲೆ ಕಂದು. "ನಾಳೆ ತೆಗೆಯೋಣ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಚೆಕ್‌ರೋಲ್
ಅಕ್ಕಾ, ಈ ನೀರಿನ ಲೆಕ್ಕಕ್ಕೆ ದೊಡ್ಡ ಥ್ಯಾಂಕ್ಸ್. ಮಳೆ ದೃಶ್ಯಗಳು ಬೇಕೇ ಬೇಕು ಅನಿಸುತ್ತಿತ್ತು. ಈಗ ಯೋಚನೆ ಮಾಡುತ್ತೇನೆ.

ಪಾಲಿಬೆಟ್ಟ ಪೋರ
ಕೊಡಗಿನ ಸಿನಿಮಾದಲ್ಲಿ ಮಳೆ ಇಲ್ಲದಿದ್ದರೆ ಟಿಕೆಟ್ ದುಡ್ಡು ವಾಪಸ್ ಕೇಳುತ್ತಾರೆ.

ಲೈನ್‌ಮನೆ ಹುಡುಗಿ
ಮಳೆ, ಮಂಜು, ಹಸಿರು. ಹೊರಗಿನವರಿಗೆ ಕೊಡಗು ಅಂದರೆ ಇಷ್ಟೇ. ಬಿಸಿಲಲ್ಲಿ ಬೆವರು ಸುರಿಸಿಕೊಂಡು ಹಣ್ಣು ಕೊಯ್ಯುವುದನ್ನು ತೋರಿಸಿ ಅಣ್ಣ. ಅದನ್ನು ಯಾರೂ ತೋರಿಸುವುದಿಲ್ಲ. ತೂಕದ ದೃಶ್ಯ ಇಲ್ಲಿ ಹಾಕುತ್ತೀರಾ? ಓದಬೇಕು ಅನಿಸಿತು.

ಚೆಕ್‌ರೋಲ್
ಇದು ಮೊದಲ ತೂಕದ ದೃಶ್ಯ:

"ಹೊರಾಂಗಣ. ಕಣ. ಸಂಜೆ. ಹೆಂಗಸರು ಚೀಲ ಹೊತ್ತು ಸಾಲಾಗಿ ನಿಂತಿದ್ದಾರೆ. ರೈಟರ್ ತೂಕ ಬರೆಯುತ್ತಿದ್ದಾನೆ. ಅವನ ಮನಸ್ಸಿನಲ್ಲಿ ಹಳೆಯ ಅವಮಾನ ಕುದಿಯುತ್ತಿದೆ. ಅವಳ ಸರದಿ. 34 ಕೆಜಿ. ಅವನು 31 ಎಂದು ಬರೆಯುತ್ತಾನೆ. ಅವಳಿಗೆ ಇದ್ಯಾವುದೂ ತಿಳಿಯದು. ರೈಟರ್‌ನ ಹಿನ್ನೆಲೆ ದನಿ: ಕ್ಷಮಿಸಲು ನನಗೆ ಯಾರೂ ಕಲಿಸಿರಲಿಲ್ಲ."

ಶಾಟ್ ಓಕೆ
"ಹಳೆಯ ಅವಮಾನ ಕುದಿಯುತ್ತಿದೆ." ನಾಳೆ ಬೆಳಿಗ್ಗೆ ಕ್ಯಾಮೆರಾಮನ್ ಬಂದು "ಇದನ್ನು ಎಲ್ಲಿಂದ ತೆಗೆಯಲಿ?" ಎಂದು ಕೇಳಿದರೆ ಏನು ಹೇಳುತ್ತೀರಿ? ಬೇರೆಯವರಿಗೆ ಅಂತ ಬರೆದಿದ್ದರೆ ಈ ಸಾಲು ನಿಮ್ಮಿಂದ ಬರುತ್ತಿರಲಿಲ್ಲ. ನಿರ್ದೇಶಕ ನಾನೇ ಅಲ್ವಾ, ಸೆಟ್‌ನಲ್ಲಿ ನೋಡಿಕೊಳ್ಳೋಣ ಅನ್ನುವ ಧೈರ್ಯ ಇದು. ಸೆಟ್‌ನಲ್ಲಿ ನೋಡಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ. ಆಗ ಆ ಹಿನ್ನೆಲೆ ದನಿ ಬಂದು ಕೂರುತ್ತದೆ, ತೆಗೆಯಲು ಆಗದ್ದನ್ನೆಲ್ಲ ಬಾಯಲ್ಲಿ ಹೇಳಿಬಿಡುತ್ತದೆ.

ನಾನಾದರೆ ದನಿ ಪೂರ್ತಿ ತೆಗೆಯುತ್ತೇನೆ. ತಕ್ಕಡಿಯ ಮುಳ್ಳು 34ರ ಹತ್ತಿರ ನಿಲ್ಲುವುದು ಕಾಣಲಿ. ಪೆನ್ನು 31 ಬರೆಯುವುದು ಕಾಣಲಿ. ಎರಡೇ ಶಾಟ್. ಅವನ ಮುಖಕ್ಕೂ ಹೋಗಬೇಡಿ.

ಕೂರ್ಗ್ ಬುಲೆಟ್
ಎಲ್ಲ ಹಿನ್ನೆಲೆ ದನಿಯೂ ಕೆಟ್ಟದ್ದಲ್ಲ. ಸುಮ್ನೆ ಫಿಲ್ಮ್ ಸ್ಕೂಲ್ ಪಾಠ ಒಪ್ಪಿಸಬೇಡಿ.

ಶಾಟ್ ಓಕೆ
ಕೆಟ್ಟದ್ದು ಅಂದೆನಾ? ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳಿದರೆ ದಂಡ ಅಂದೆ. ಕಾಣುವುದಕ್ಕೆ ಉಲ್ಟಾ ಹೇಳಲಿ, ಆಗ ಮಜಾ ಇರುತ್ತದೆ. ರೈಟರ್ ತಾನು ಎಷ್ಟು ಪ್ರಾಮಾಣಿಕ ಎಂದು ಹೇಳುತ್ತಿರಬೇಕು, ಕೈ ಮಾತ್ರ 31 ಬರೆಯುತ್ತಿರಬೇಕು.

ಲೈನ್‌ಮನೆ ಹುಡುಗಿ
ನನಗೆ ಸಿನಿಮಾ ಗೊತ್ತಿಲ್ಲ. ತೂಕ ಗೊತ್ತು. ಅಮ್ಮ ಈಗಲೂ ಕುಯಿಲಿಗೆ ಹೋಗುತ್ತಾರೆ.

"ಅವಳಿಗೆ ಇದ್ಯಾವುದೂ ತಿಳಿಯದು" ಅಂತ ಬರೆದಿದ್ದೀರಿ. ಸಾಧ್ಯವೇ ಇಲ್ಲ ಅಣ್ಣ. ದಿನವಿಡೀ ತಾನೇ ಕೊಯ್ದು, ತಾನೇ ತುಂಬಿ, ತಲೆ ಮೇಲೆ ಹೊತ್ತು ತಂದ ಚೀಲ. ಎಷ್ಟಿದೆ ಅಂತ ಅವಳಿಗೆ ಕತ್ತು ಹೇಳುತ್ತದೆ. ಸಾಲಿನಲ್ಲಿ ನಿಂತವರು ಒಬ್ಬರ ಚೀಲ ಒಬ್ಬರು ಕಣ್ಣಲ್ಲೇ ಅಳೆಯುತ್ತಿರುತ್ತಾರೆ. ಮುಳ್ಳು ಎಲ್ಲಿ ನಿಂತಿತು ಅಂತ ಮೇಸ್ತ್ರಿಗಿಂತ ಮೊದಲು ಅವರಿಗೆ ಗೊತ್ತು. ಮೂರು ಕೆಜಿ ಹೋದರೆ ಮೊದಲನೇ ದಿನವೇ ಗೊತ್ತಾಗುತ್ತದೆ. ಬಾಯಿ ಬಿಡುತ್ತಾರಾ ಇಲ್ಲವಾ ಅನ್ನುವುದು ಬೇರೆ ವಿಷಯ. ಲೈನ್ ಮನೆ (ಕೆಲಸದವರು ಇರುವ ಸಾಲುಮನೆ) ತೋಟದ್ದು, ಮುಂಗಡ ತೆಗೆದುಕೊಂಡಿರುತ್ತಾರೆ, ಮಗುವಿನ ಫೀಸ್ ಇರುತ್ತದೆ.

ಇನ್ನೊಂದು. ಕಳ್ಳ ಲೆಕ್ಕ ಬರೆಯುವವನು ಸುಮ್ಮನೆ ಬರೆಯುವುದಿಲ್ಲ. ಎಲೆ ಜಾಸ್ತಿ, ಕಾಯಿ ಜಾಸ್ತಿ, ಚೀಲ ಒದ್ದೆ ಅಂತ ಏನಾದರೂ ಹೇಳಿ ಕಳೆಯುತ್ತಾನೆ. ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ.

ಮಳೆಗಾಲದ ಕಂಬಳಿ
ಈ ಹುಡುಗಿ ಬರೆದದ್ದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಚೆಕ್‌ರೋಲ್
ಹಾಗಾದರೆ ಕಥೆಯೇ ತಿರುಗುತ್ತದೆ. ಅವಳಿಗೆ ಗೊತ್ತಾಗುವುದು ನನ್ನ ಇಂಟರ್‌ವಲ್. ಮೊದಲ ದಿನವೇ ಗೊತ್ತು, ಆದರೂ ಸುಮ್ಮನಿದ್ದಾಳೆ ಅಂತಾದರೆ... ಪ್ರೇಕ್ಷಕ ಅವನನ್ನು ನೋಡುವುದು ಬಿಟ್ಟು ಅವಳನ್ನು ನೋಡಲು ಶುರು ಮಾಡುತ್ತಾನೆ. "ಎಲೆ ಜಾಸ್ತಿ" ಅನ್ನುವ ಮಾತೂ ಬೇಕು. ತಂಗಿ, ಚಿತ್ರಕಥೆ ಕಳಿಸಿದರೆ ಓದುತ್ತೀಯಾ? ಅಮ್ಮನಿಗೂ ಓದಿ ಹೇಳು.

ಶಾಟ್ ಓಕೆ
ನೋಡಿ, ನಿಮ್ಮ ಚಿಕ್ಕಪ್ಪನಿಗೆ ಹೇಳಬೇಕಾದ ಉತ್ತರ ಇದು. ಹೊರಗಿನ ನಿರ್ದೇಶಕ ಆಗಿದ್ದರೆ ಇಂಟರ್‌ವಲ್ ಬದಲಾಯಿಸಲು ಬರೆದವನಿಗೆ ಫೋನ್, ನಿರ್ಮಾಪಕನಿಗೆ ಫೋನ್, ಎರಡು ದಿನ ಜಗಳ. ನೀವು ಒಂದು ಗಂಟೆಯಲ್ಲಿ ತಿರುಗಿಸಿದಿರಿ. ಸ್ವಂತ ಚಿತ್ರಕಥೆ ಇಟ್ಟುಕೊಂಡು ನಿರ್ದೇಶನ ಮಾಡುವುದರ ಲಾಭ ಇಷ್ಟೇ, ಯಾರನ್ನೂ ಕೇಳದೆ ಬದಲಾಯಿಸಬಹುದು. ತುಂಬಾ ಜನ ಒಂದು ಸಾಲನ್ನೂ ಮುಟ್ಟಬಾರದು ಅಂತಲೇ ನಿರ್ದೇಶನಕ್ಕೆ ಇಳಿಯುತ್ತಾರೆ. ಅಂಥವರ ಸೆಟ್‌ನಲ್ಲಿ ಕೆಲಸ ಮಾಡಿ ನೋಡಿದ್ದೇನೆ. ನಟಿ ಒಂದು ಪದ ಆಚೀಚೆ ಮಾಡಿದರೂ ಕಟ್. ಸಂಜೆ ನೋಡಿದರೆ ಮಾತೆಲ್ಲ ಸರಿಯಾಗಿದೆ, ಜೀವ ಇಲ್ಲ.

"ಇದು ಬೇಡ" ಎಂದು ಹೇಳುವ ಒಬ್ಬ ಅಸೋಸಿಯೇಟ್ ಇಟ್ಟುಕೊಳ್ಳಿ. ಕಂಟಿನ್ಯುಟಿ (ಒಂದು ಶಾಟ್‌ಗೂ ಇನ್ನೊಂದಕ್ಕೂ ಬಟ್ಟೆ, ಸಾಮಾನು ಹೊಂದುತ್ತವಾ ಅಂತ) ನೋಡಲು ಬೇರೆ ಒಬ್ಬರು ಇರಲಿ. ಎಡಿಟಿಂಗ್ ಮಾತ್ರ ದಯವಿಟ್ಟು ನೀವೇ ಮಾಡಬೇಡಿ. ಆ ಶಾಟ್‌ಗೆ ಎಷ್ಟು ಕಷ್ಟಪಟ್ಟಿರಿ ಅಂತ ಎಡಿಟರ್‌ಗೆ ಗೊತ್ತಿರಬಾರದು.

ಕೂರ್ಗ್ ಬುಲೆಟ್
ಈ ಮಾತು ಒಪ್ಪುತ್ತೇನೆ. ಆದರೂ ಮೊದಲ ಸಿನಿಮಾಕ್ಕೆ 112 ಪುಟ ಯಾಕೆ? 80ಕ್ಕೆ ಇಳಿಸಿ.

ಕರಿಕೋಟು ಮಡಿಕೇರಿ
ವಕೀಲರ ಭಾಷೆ ಬಿಟ್ಟು ಹೇಳುತ್ತೇನೆ. ಚಿಕ್ಕಪ್ಪನೇ ಆಗಲಿ, ದೇವರೇ ಆಗಲಿ, ಕಾಗದ ಮಾಡಿಕೊಳ್ಳಿ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರಕಥೆ ಸಾಹಿತ್ಯ ಕೃತಿ ಎಂದೇ ಲೆಕ್ಕ. ಬರೆದ ಕ್ಷಣದಿಂದ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಆದರೆ ನಾಳೆ ಜಗಳ ಬಂದರೆ ಸಾಕ್ಷಿಗೆ ಒಳ್ಳೆಯದು. ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಮಾತ್ರ ನಡೆಯುತ್ತದೆ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು ಕಾನೂನು ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ನೀವೇ ನಿರ್ದೇಶಿಸಬೇಕು ಎಂದಿದ್ದರೆ ಅದನ್ನು ಅದೇ ಕಾಗದದಲ್ಲಿ ಹಾಕಿಸಿ: ನಿರ್ದೇಶಕನನ್ನು ಬದಲಾಯಿಸಿದರೆ ಚಿತ್ರಕಥೆ ವಾಪಸ್ ಬರಬೇಕು. ಅರ್ಧ ಶೂಟಿಂಗ್ ಆದ ಮೇಲೆ ಇದನ್ನು ಕೇಳಿದರೆ ಯಾರೂ ಕೊಡುವುದಿಲ್ಲ.

ಪಾಲಿಬೆಟ್ಟ ಪೋರ
ಚಿಕ್ಕಪ್ಪನಿಗೆ ಲೀಗಲ್ ನೋಟಿಸ್ ಕಳಿಸಿದರೆ ಹಬ್ಬಕ್ಕೆ ಪಂದಿ ಕರಿ ಸಿಗುವುದಿಲ್ಲ ಅಷ್ಟೆ.

ಕಾಫಿಹೂ
ಚಿಕ್ಕಪ್ಪ ಕೈಕೊಟ್ಟರೆ ಬೇರೆ ದಾರಿಯೂ ಇದೆ. ಪವನ್ ಕುಮಾರ್ 2013ರ "ಲೂಸಿಯಾ"ಗೆ ಜನರಿಂದಲೇ ಸುಮಾರು 50 ಲಕ್ಷ ಎತ್ತಿದರು. ಬರೆದು ನಿರ್ದೇಶಿಸಿದ್ದು ಅವರೇ.

ಕೂರ್ಗ್ ಬುಲೆಟ್
ಅವರಿಗೆ ಅದಕ್ಕೂ ಮೊದಲು ಒಂದು ಸಿನಿಮಾ ಮಾಡಿದ ಹೆಸರಿತ್ತು ಮೇಡಂ.

ಕಿವಿ ಇದ್ದವ
ಸೌಂಡ್ ಕೆಲಸದವನು. ಯಾರೂ ಶಬ್ದದ ಬಗ್ಗೆ ಕೇಳಿಲ್ಲ, ಎಂದಿನಂತೆ.

ಲೈನ್ ಮನೆಯವರನ್ನೇ ನಟಿಸಲು ಕರೆಯುತ್ತೀರಾದರೆ ಸಿಂಕ್ ಸೌಂಡ್ (ಶೂಟಿಂಗ್ ಮಾಡುವಾಗಲೇ ಮಾತು ರೆಕಾರ್ಡ್ ಮಾಡುವುದು) ಬಿಟ್ಟರೆ ಗತಿಯಿಲ್ಲ. ಹೊಸಬರು ಆರು ತಿಂಗಳಾದ ಮೇಲೆ ಸ್ಟುಡಿಯೋದಲ್ಲಿ ಅದೇ ಉಸಿರಿನಲ್ಲಿ ಡಬ್ ಮಾಡಲು ಆಗುವುದಿಲ್ಲ. ಆದರೆ ನಿಮ್ಮ ತೋಟದಲ್ಲಿ ಸಂಜೆ ಜೀರುಂಡೆ ಶುರುವಾಯಿತು ಅಂದರೆ ಪಿಸುಮಾತು ತೆಗೆಯುವುದು ಮರೆತುಬಿಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಸ್ಪ್ರಿಂಕ್ಲರ್ ಮೋಟಾರ್, ಪಕ್ಕದ ತೋಟದಲ್ಲಿ ಮರ ಕಪಾತು ಮಾಡುವ ಯಂತ್ರ, ಎಲ್ಲ ಕೇಳುತ್ತದೆ. ಜಾಗ ನೋಡಲು ಹೋಗುವಾಗ, ಶೂಟಿಂಗ್ ಮಾಡುವ ಹೊತ್ತಿಗೇ ಹೋಗಿ ಕಣ್ಣು ಮುಚ್ಚಿ ನಿಂತುಕೊಳ್ಳಿ. ಮಧ್ಯಾಹ್ನ ಹೋಗಿ "ಆಹಾ ಎಷ್ಟು ಶಾಂತ" ಅಂದುಕೊಂಡು ಬರುವವರೇ ಜಾಸ್ತಿ.

ಬೆಳಕೂ ಅಷ್ಟೆ. ಸಿಲ್ವರ್ ಓಕ್, ಹಲಸು, ನೇರಳೆ ನೆರಳಿನ ಅಡಿ ನಾಲ್ಕು ಗಂಟೆಗೇ ಕತ್ತಲು. ಕಣ ಬಯಲಿನಲ್ಲಿದೆ, ಅಲ್ಲಿ ಇನ್ನೊಂದು ಗಂಟೆ ಜಾಸ್ತಿ ಸಿಗುತ್ತದೆ. ತೋಟದೊಳಗಿನದು ಬೆಳಿಗ್ಗೆ, ಕಣದ್ದು ಸಂಜೆ.

ಶಾಟ್ ಓಕೆ
ತೂಕದ ದೃಶ್ಯ ಕಥೆಯಲ್ಲಿ ಎಷ್ಟು ಸಲ ಬಂದರೂ ಕಣದ್ದನ್ನೆಲ್ಲ ಒಟ್ಟಿಗೆ ತೆಗೆಯಿರಿ. ಸೀರೆ, ಚೀಲ, ಹಣ್ಣಿನ ರಾಶಿ ಮಾತ್ರ ದಿನಕ್ಕೊಂದು ಥರ ಬದಲಾಗಬೇಕು. ಮತ್ತೆ ಆ ತಲಕಾವೇರಿ ದೃಶ್ಯ ಯಾಕೆ ಬೇಕು?

ಚೆಕ್‌ರೋಲ್
ರೈಟರ್ ತಪ್ಪು ಒಪ್ಪಿಕೊಳ್ಳಲು ಅಲ್ಲಿಗೆ ಹೋಗುತ್ತಾನೆ.

ಶಾಟ್ ಓಕೆ
ಅವಳ ಮುಂದೆ ಒಪ್ಪಿಕೊಳ್ಳುವುದು ಬಿಟ್ಟು ಅಷ್ಟು ದೂರ ಹೋಗುತ್ತಾನಾ? ಇಡೀ ತಂಡ ಸಿದ್ದಾಪುರದಿಂದ ಭಾಗಮಂಡಲ ದಾಟಿ ಬೆಟ್ಟ ಹತ್ತಬೇಕು. ಒಂದು ದಿನ ಹೋಯಿತು. ದೇವಸ್ಥಾನದ ಅನುಮತಿ ಬೇರೆ.

ಮಳೆಗಾಲದ ಕಂಬಳಿ
ಕಾವೇರಿ ಸಿದ್ದಾಪುರದ ಹತ್ತಿರವೂ ಹರಿಯುತ್ತಾಳೆ ಮಾರಾಯ್ರೇ. ಹೊಳೆ ದಡ ಸಾಕಾಗುವುದಿಲ್ಲವಾ?

ಕರಿಕೋಟು ಮಡಿಕೇರಿ
ಅನುಮತಿ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಖಾಸಗಿ ತೋಟ ಆದರೆ ಮಾಲೀಕರ ಪತ್ರ ಇರಲಿ, ಬಾಯಿ ಮಾತು ಬೇಡ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳ ಒಳಗೆ ಅರಣ್ಯ ಇಲಾಖೆ ಒಪ್ಪದೆ ಕ್ಯಾಮೆರಾ ಇಡಬೇಡಿ. ಡ್ರೋನ್ ಹಾರಿಸುವ ಆಸೆ ಇದ್ದರೆ 2021ರ ಡ್ರೋನ್ ನಿಯಮ ಓದಿ. ನಿಮ್ಮ ರೈಟರ್ ನಾಯಿ ಸಾಕಿದ್ದಾನಾ? ಥಿಯೇಟರ್‌ಗೆ ಬಿಡುವ ಸಿನಿಮಾ ಆದರೆ ನಾಯಿಗೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಸೆನ್ಸಾರ್‌ನಲ್ಲಿ ಅದರ ಕಾಗದ ಕೇಳುತ್ತಾರೆ.

ಪಾಲಿಬೆಟ್ಟ ಪೋರ
ಆನೆ ತಾನಾಗಿಯೇ ಫ್ರೇಮಿಗೆ ಬಂದರೆ ಯಾರ ಅನುಮತಿ ಬೇಕು ಸರ್?

ಕಾಫಿಹೂ
ನಗುವ ವಿಷಯ ಅಲ್ಲ. ಸಿದ್ದಾಪುರ, ಪಾಲಿಬೆಟ್ಟ ಕಡೆ ಕತ್ತಲಾದ ಮೇಲೆ ತೋಟದೊಳಗೆ ಶೂಟಿಂಗ್ ಅಂದರೆ ನಾನು ನನ್ನ ತೋಟ ಕೊಡುವುದಿಲ್ಲ. ಕೆಲಸದವರೇ ಬೆಳಿಗ್ಗೆ ಆನೆ ಎಲ್ಲಿದೆ ಎಂದು ಕೇಳಿಕೊಂಡು ಒಳಗೆ ಹೋಗುವುದು. ರಾತ್ರಿ ದೃಶ್ಯಗಳನ್ನು ಮನೆಯೊಳಗೆ ತನ್ನಿ.

ಲೈನ್‌ಮನೆ ಹುಡುಗಿ
ಕೆಲಸದವರನ್ನು ನಟಿಸಲು ಕರೆದರೆ ಕೂಲಿ ಲೆಕ್ಕ ಸರಿಯಾಗಿ ಹಾಕಿ. ಕುಯಿಲಿನಲ್ಲಿ ಕೆಜಿಗೆ ಇಷ್ಟು ಅಂತ ಸಿಗುತ್ತದೆ. ಚೆನ್ನಾಗಿ ಕೊಯ್ಯುವವರು ದಿನಗೂಲಿಗಿಂತ ತುಂಬಾ ಜಾಸ್ತಿ ಮಾಡುತ್ತಾರೆ. ಒಂದು ಶಾಟ್‌ಗೆ ಅರ್ಧ ದಿನ ನಿಲ್ಲಿಸಿ, ಸಂಜೆ ಟೀ ಬನ್ನು ಕೊಟ್ಟು ಕಳಿಸಿದರೆ ನಿಮಗೂ ನಿಮ್ಮ ರೈಟರ್‌ಗೂ ಏನು ವ್ಯತ್ಯಾಸ?

ಮತ್ತೆ ಎಲ್ಲರ ಬಾಯಲ್ಲೂ ಪುಸ್ತಕದ ಕನ್ನಡ ಹಾಕಬೇಡಿ. ನಮ್ಮ ಲೈನ್‌ನಲ್ಲಿ ಯರವ ಭಾಷೆ, ಮಲಯಾಳ, ತಮಿಳು ಎಲ್ಲ ಇದೆ, ಈಗ ಅಸ್ಸಾಂನವರೂ ಇದ್ದಾರೆ. ಮಾಲೀಕರ ಮುಂದೆ ಮಾತ್ರ ಕನ್ನಡ.

ಕೂರ್ಗ್ ಬುಲೆಟ್
ಮಾಲೀಕನಿಗೆ ಕುಪ್ಯಚೇಲೆ (ಕೊಡವರ ಸಾಂಪ್ರದಾಯಿಕ ಉಡುಪು) ತೊಡಿಸಿ ಕೋವಿ ಹಿಡಿಸಿ ಸೋಫಾದಲ್ಲಿ ಕೂರಿಸಬೇಡಿ, ಪುಣ್ಯ ಬರುತ್ತದೆ. ಮನೆಯಲ್ಲಿ ನಾವೂ ಬರ್ಮುಡಾ ಹಾಕುತ್ತೇವೆ.

ಮಳೆಗಾಲದ ಕಂಬಳಿ
ಹೊಸಬರ ಜೊತೆ ಕೆಲಸ ಮಾಡುವುದಕ್ಕೆ "ತಿಥಿ" ನೋಡಿ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದದ್ದು. ಮಂಡ್ಯದ ನೊದೆಕೊಪ್ಪಲು ಊರಿನವರೇ ನಟರು. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು. ಪಾತ್ರಕ್ಕೆ ಜನ ಹುಡುಕುವುದು ಒಂದು ದಾರಿ. ಇರುವ ಜನರನ್ನು ನೋಡಿ ಪಾತ್ರ ಬರೆಯುವುದು ಇನ್ನೊಂದು. ಬರೆಯುವವನೂ ನಿರ್ದೇಶಿಸುವವನೂ ಒಬ್ಬನೇ ಆದರೆ ಎರಡನೆಯದು ಸಲೀಸು. ಮಾತು ಕಂಠಪಾಠ ಮಾಡಿಸಬೇಡಿ. ಸನ್ನಿವೇಶ ಹೇಳಿ, ಅವರು ಹೇಗೆ ಹೇಳುತ್ತಾರೆ ಕೇಳಿ, ಅದನ್ನೇ ಬರೆದುಕೊಳ್ಳಿ.

ಪಾಲಿಬೆಟ್ಟ ಪೋರ
ಸೆಟ್‌ನಲ್ಲಿ ಊಟ ಯಾರದ್ದು? ಕಡಂಬುಟ್ಟು ಪಂದಿ ಕರಿ ಇದ್ದರೆ ನಾನೂ ಹೊಸಬನೇ, ನಟಿಸುತ್ತೇನೆ.

ಕೂರ್ಗ್ ಬುಲೆಟ್
ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕದ ಪಂದಿ ಕರಿ ಕೊಡುವ ಕೇಟರಿಂಗ್‌ನವರನ್ನು ಮಾತ್ರ ಕರೆಸಬೇಡಿ.

ಕಿವಿ ಇದ್ದವ
ಊಟದ ನಂತರ ಇಡೀ ತಂಡ ನಿದ್ದೆ. ಅನ್ನ ಸಾರು ಸಾಕು.

ನಿರ್ವಾಹಕ
ಪಂದಿ ಕರಿ ಚರ್ಚೆಗೆ ಅಡುಗೆ ವಿಭಾಗ ಇದೆ. ಅಲ್ಲಿಗೆ ಹೋಗಿ.

ಚೆಕ್‌ರೋಲ್
ಎಲ್ಲ ಓದಿದೆ. ಸದ್ಯಕ್ಕೆ ಇಷ್ಟು ಮಾಡಿದ್ದೇನೆ. ಮಳೆಗಾಲ ಪೂರ್ತಿ ಹೋಯಿತು. ತಲಕಾವೇರಿ ಹೋಯಿತು. ಹಿನ್ನೆಲೆ ದನಿ ಒಂದು ಕಡೆ ಉಳಿದಿದೆ, ಅದಕ್ಕೆ ಆಮೇಲೆ ಜಗಳ ಆಡೋಣ. ಅವಳಿಗೆ ಮೊದಲ ದಿನವೇ ಗೊತ್ತು. ಪುಟ 86ಕ್ಕೆ ಬಂದಿದೆ. 12 ದಿನ ಆಗುವುದಿಲ್ಲ, 20 ಕೇಳುತ್ತೇನೆ. ಚಿಕ್ಕಪ್ಪನಿಗೆ ಒಂದೇ ಒಂದು ದೃಶ್ಯ, ಮೊದಲ ತೂಕದ್ದು, ಮೊದಲೇ ತೆಗೆದು ತೋರಿಸುತ್ತೇನೆ. ನೋಡಿ ಬೇಡ ಅಂದರೆ ಆಮೇಲೆ ಬೇರೆ ನಿರ್ದೇಶಕರ ಮಾತು.

ಕೂರ್ಗ್ ಬುಲೆಟ್
ಇದು ಬುದ್ಧಿವಂತಿಕೆ. ಚಿಕ್ಕಪ್ಪ ಒಪ್ಪದಿದ್ದರೂ ಆ ದೃಶ್ಯ ಇನ್ನೊಬ್ಬ ನಿರ್ಮಾಪಕನಿಗೆ ತೋರಿಸಲು ಆಗುತ್ತದೆ.

ಕಾಫಿಹೂ
ಒಂದು ಅನುಮಾನ. ಶಾಟ್ ಓಕೆ ಅವರು "ಮುಳ್ಳು" ಅಂದರು, ಹುಡುಗಿಯೂ ಮುಳ್ಳು ಅಂದಳು. ಈಗ ಎಷ್ಟೋ ತೋಟಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ. ಕೆಂಪು ಅಂಕೆ ಎಲ್ಲರಿಗೂ ಕಾಣುತ್ತದೆ. ಕಥೆ ನಡೆಯುವುದು ಯಾವ ಕಾಲದಲ್ಲಿ?

ಲೈನ್‌ಮನೆ ಹುಡುಗಿ
ನಮ್ಮಲ್ಲಿ ಇನ್ನೂ ಮುಳ್ಳಿನದ್ದೇ ಅಕ್ಕಾ.

ಚೆಕ್‌ರೋಲ್
ತೊಂಬತ್ತರ ದಶಕದ ಕೊನೆ ಎಂದುಕೊಂಡಿದ್ದೆ. ಮೊಬೈಲ್ ಇರಬಾರದು.

ಶಾಟ್ ಓಕೆ
ಹಾಗಾದರೆ ಹಳೆಯ ನೋಟು, ಹಳೆಯ ಜೀಪು, ಪ್ಲಾಸ್ಟಿಕ್ ಚೀಲದ ಬದಲು ಗೋಣಿ, ಮೊಬೈಲ್ ಟವರ್ ಕಾಣದ ಗುಡ್ಡ. ಎಲ್ಲಕ್ಕೂ ದುಡ್ಡು. ಈಗಿನ ಕಾಲಕ್ಕೆ ತಂದು, ಮುಳ್ಳಿನ ತಕ್ಕಡಿಯನ್ನೇ ಉಳಿಸಿಕೊಂಡರೆ? ಎಲೆಕ್ಟ್ರಾನಿಕ್ ತರಿಸಲು ರೈಟರ್ ಬಿಡುತ್ತಿಲ್ಲ ಅಂತ ಮಾಡಿ. ಅದೂ ಕಥೆಗೆ ಒದಗುತ್ತದೆ.

ಚೆಕ್‌ರೋಲ್
ಅಯ್ಯೋ, ಇದು ಚೆನ್ನಾಗಿದೆ. ಮಾಲೀಕನ ಮಗ ಹೊಸ ತಕ್ಕಡಿ ತರುತ್ತಾನೆ, ಡಬ್ಬಿ ಬಿಚ್ಚದೆ ಗೋದಾಮಿನಲ್ಲೇ ಇರುತ್ತದೆ. ಇವತ್ತು ರಾತ್ರಿ ಬರೆಯುತ್ತೇನೆ.

ಕಾಫಿಹೂ
ನಮ್ಮ ಗೋದಾಮಿನಲ್ಲಿ ಕೊಕ್ಕೆಗೆ ನೇತುಹಾಕುವ ಹಳೆಯ ತಕ್ಕಡಿ ಇದೆ. ತುಕ್ಕು ಹಿಡಿದಿದೆ, ಮುಳ್ಳು ಓಡುತ್ತದೆ. ಬೇಕಾದರೆ ಬಂದು ತೆಗೆದುಕೊಂಡು ಹೋಗಿ. ವಾಪಸ್ ತಂದು ಕೊಡಬೇಕು, ಯಜಮಾನರಿಗೆ ಅದರ ಮೇಲೆ ಪ್ರೀತಿ.

ಪಾಲಿಬೆಟ್ಟ ಪೋರ
ಎಲ್ಲ ಸರಿ, ಹೀರೋಯಿನ್ ಯಾರು ಅಂತ ಇನ್ನೂ ಹೇಳಲಿಲ್ಲ.